ಗೋಡೆಯ ಮೇಲಿನ ಅಭ್ಯರ್ಥಿಗಳು

ನಗರಸಭೆ ಚುನಾವಣೆ ಬಂತೆಂದರೆ ಪ್ರತಿಯೊಬ್ಬ ಅಭ್ಯರ್ಥಿಯೂ ಮನೆಗೊಂದರಂತೆ ತನ್ನ ನೆರಳನ್ನು ಒಂದು ವಾರದ ಮಟ್ಟಿಗೆ ಕಳಿಸಿಕೊಡಬೇಕು. ಮನುಷ್ಯನೇನೋ ಎದುರಿಗೆ ಚೆನ್ನಾಗಿ ಕೈಮುಗಿಯುತ್ತಾನೆ, ನೆರಳಿಗೆ ನಟನೆ ಬಾರದು. ಅದನ್ನು ನೋಡಿ ಓಟು ಹಾಕಲಿ ಅಂತ ಈ ಏರ್ಪಾಡು.

ನೇಕಾರ ಓಣಿಯ ದ್ರಾಕ್ಷಾಯಿಣಿಯ ಅಡುಗೆಮನೆ ಗೋಡೆಗೆ ಈ ಸಲ ಮೂರು ನೆರಳು ಬಂದಿದ್ದವು. ಮೊದಲನೆಯದು ಹಗಲೆಲ್ಲ ಬಿದ್ದುಕೊಂಡಿರುತ್ತಿತ್ತು. ಎರಡನೆಯದು ಕಾಳಿನ ಡಬ್ಬಿಯ ನೆರಳಿಗೆ ಮೆಲ್ಲಗೆ ಕೈ ಹಾಕುತ್ತಿತ್ತು. ಮೂರನೆಯದು ಮಾತ್ರ ಅವಳು ರೊಟ್ಟಿ ತಟ್ಟಿದರೆ ತಾನೂ ತಟ್ಟುತ್ತಿತ್ತು, ಅವಳು ಬೆವರು ಒರೆಸಿಕೊಂಡರೆ ತಾನೂ ಒರೆಸಿಕೊಳ್ಳುತ್ತಿತ್ತು.

"ನಮ್ಮ ಕಷ್ಟ ಗೊತ್ತಿರೋ ಮನಷ್ಯಾ ನೋಡವಾ ಇಂವಾ," ಎಂದಳು ದ್ರಾಕ್ಷಾಯಿಣಿ.

ಹೆಪ್ಪು ಕೇಳಲು ಬಂದಿದ್ದ ಪಕ್ಕದ ಮನೆಯ ಹಸೀನಾ ಗೋಡೆಯನ್ನೇ ನೋಡುತ್ತ ನಿಂತಳು. "ನಮ್ಮನ್ಯಾಗೂ ಹಂಗ ಮಾಡ್ತೈತಿ ಅಕ್ಕಾ. ಆದ್ರ ನಿನ್ನೆಯಿಂದ ನನಗಿಂತ ಮದಲ ಅದ ತಟ್ಟಾಕತ್ತೈತಿ."

"ಏ, ನಿನಗೆಲ್ಲೋ ಭ್ರಮಿ," ಎಂದು ದ್ರಾಕ್ಷಾಯಿಣಿ ನಕ್ಕುಬಿಟ್ಟಳು.

ಓಟಿನ ದಿನ ಬೆಳಿಗ್ಗೆ ಅವಳಿನ್ನೂ ಹಿಟ್ಟು ನಾದುತ್ತಿದ್ದಾಗಲೇ ಮೂರನೆಯ ನೆರಳು ಎದ್ದು ನಿಂತಿತು. ಅವಳಿಗೂ ಏಳಬೇಕೆನಿಸಿತು, ಎದ್ದಳು. ಒಲೆಯ ಮೇಲೆ ಹಂಚು ಕಾಯುತ್ತಿತ್ತು. ಒಲೆ ಆರಿಸಬೇಕೆಂದುಕೊಂಡರೂ ಕೈ ಅತ್ತ ಹೋಗಲಿಲ್ಲ, ಏಕೆಂದರೆ ಗೋಡೆಯ ಮೇಲಿನ ಕೈ ಅತ್ತ ಹೋಗಿರಲಿಲ್ಲ. ಅದು ಎಡಗೈ ಮುಂದೆ ಚಾಚಿ, ಶಾಯಿ ಹಚ್ಚಿಸಿಕೊಳ್ಳುವ ಬೆರಳನ್ನು ಎತ್ತಿ ಹಿಡಿದಿತ್ತು.

ದ್ರಾಕ್ಷಾಯಿಣಿಯ ಬೆರಳೂ ಎದ್ದಿತು.

ಹೊರಗೆ ಹೆಜ್ಜೆ ಸದ್ದು ಕೇಳಿ ಕಿಟಕಿಯತ್ತ ಕಣ್ಣು ಹೊರಳಿಸಿದಳು. ಕಣ್ಣೊಂದು ಮಾತ್ರ ಇನ್ನೂ ಅವಳ ಮಾತು ಕೇಳುತ್ತಿತ್ತು. ಹಸೀನಾ ಮುಂದೆ, ಇಡೀ ಓಣಿಯವರು ಅವಳ ಹಿಂದೆ, ಎಲ್ಲರೂ ಎಡಗೈ ಚಾಚಿಕೊಂಡು ಒಂದೇ ಹೆಜ್ಜೆಯಲ್ಲಿ ಮತಗಟ್ಟೆಯ ಕಡೆ ನಡೆದಿದ್ದರು.