ಟೇಪಿನ ತುದಿ

ಅಳತೆ ಟೇಪಿನ ಹಿತ್ತಾಳೆ ಕೊಂಡಿಯ ಪಕ್ಕ ಸೊನ್ನೆ ಇರಲಿಲ್ಲ, ಹತ್ತು ಇತ್ತು. ಕಿಟಕಿಯ ಪರದೆಗೆ ಅಳತೆ ತೆಗೆಯಲೆಂದು ಅದರ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ ತಂಗಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಮೊದಲ ಹತ್ತು ಸೆಂಟಿಮೀಟರ್ ಎಂದೋ ಹರಿದುಹೋಗಿ, ಉಳಿದ ತುದಿಗೆ ಯಾರೋ ಕೊಂಡಿ ಬಿಗಿದಿದ್ದರು.

ಅವಳು ಉದ್ದಜಿಗಿತದಲ್ಲಿ ಅಕ್ಕನ ದಾಖಲೆಯನ್ನು ಆರು ಸೆಂಟಿಮೀಟರ್‌ನಿಂದ ಮುರಿದ ದಿನ ಅಳೆದದ್ದು ಇದೇ ಟೇಪಿನಲ್ಲಿ; ಅಕ್ಕನ ಜಿಗಿತ ಅಳೆದದ್ದು ಬೇರೆಯದರಲ್ಲಿ. ನೆನಪಿಗಿರಲೆಂದು ಕೋಚ್ ಅದನ್ನು ಅವಳಿಗೇ ಕೊಟ್ಟಿದ್ದರು. ಅಂದಿನಿಂದ ಇಪ್ಪತ್ತು ವರ್ಷ ಯಾರೂ ಮುಟ್ಟದೆ ಪದಕಗಳ ಜೊತೆ ಗಾಜಿನ ಬೀರುವಿನಲ್ಲಿತ್ತು. ಆ ಒಂದು ಜಿಗಿತ ನೋಡಿಯೇ ಅವಳನ್ನು ದೇಶದ ತಂಡಕ್ಕೆ ಆರಿಸಿದ್ದು. ಅವಳು ಆರರಲ್ಲಿ ಹತ್ತನ್ನು ಕಳೆದು ನೋಡಿದಳು: ಅಕ್ಕನಿಗಿಂತ ನಾಲ್ಕು ಸೆಂಟಿಮೀಟರ್ ಕಡಿಮೆ.

"ತುದಿ ಸರಿಯಾಗಿ ಹಿಡಿದಿದ್ದೀಯೇನೇ?" ಮೇಲೆ ಪರದೆಯ ಕಂಬಿಗೆ ಟೇಪು ತಾಗಿಸಿ ನಿಂತಿದ್ದ ಅಕ್ಕ ಕೇಳಿದಳು. ಮೊಣಕಾಲು ಕೆಟ್ಟು ಅವಳು ಜಿಗಿತ ಬಿಟ್ಟದ್ದು ತಂಗಿಯ ದಾಖಲೆಗೂ ಮೊದಲೇ.

"ಅಕ್ಕಾ, ಇದು ಹತ್ತರಿಂದ ಶುರುವಾಗ್ತಿದೆ." ತಂಗಿ ತುದಿಯನ್ನು ಎತ್ತಿ ತೋರಿಸಿದಳು. "ನಿನ್ನ ದಾಖಲೆ ನಾನು ಮುರಿದೇ ಇಲ್ಲ."

"ಹತ್ತು ಕಳೆದು ಬರ್ಕೋ, ಇಲ್ದಿದ್ರೆ ಪರದೆ ನೆಲ ಗುಡಿಸುತ್ತೆ." ಅಕ್ಕ ಕೆಳಗೆ ನೋಡಲಿಲ್ಲ. "ಅವತ್ತು ಮರಳಲ್ಲಿ ಆ ತುದಿ ಹಿಡ್ಕೊಂಡಿದ್ದವಳು ನಾನೇ ಅಲ್ವೇನೇ."