ನೀಲಗಿರಿ ಸವತಿ

"ಬಿಪಿ ಚೆನ್ನಾಗಿ ಇಳಿದಿದೆ ಯಜಮಾನ್ರೇ, ಏನ್ ಮಾಡಿದ್ರಿ?" ಎಂದು ಡಾಕ್ಟರು ಮುನಿಆಂಜನಪ್ಪನ ತೋಳಿನ ಪಟ್ಟಿ ಬಿಚ್ಚುತ್ತ ಕೇಳಿದಾಗ, ಪಕ್ಕದಲ್ಲಿದ್ದ ಹೆಂಡತಿ ರಾಮಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ನಂದೇನಿಲ್ಲ ಸಾರ್," ಎಂದ ಮುನಿಆಂಜನಪ್ಪ. "ಕಗ್ಗದಾಸಪುರದ ಕೆರೆ ಹಿಂದೆ ನೀಲಗಿರಿ ತೋಪೈತಲ್ಲ, ದಿನಾ ಬೆಳಗ್ಗೆ ಅಲ್ಲೋಗಿ ಕೂತ್ಕೊಂತೀನಿ. ಎಲ್ಲಾ ಆ ಮರಗಳ ದಯ."

"ಇರಬಹುದು. ಎಲೆಗಳು ಗಾಳಿಗೆ ಬಿಡೋ ಎಣ್ಣೆ ಅಂಶ ಉಸಿರಾಡಿದ್ರೆ ಮೈಮನಸ್ಸು ಹಗುರ ಆಗುತ್ತೆ ಅಂತ ಜಪಾನಿನವರು ಹೇಳ್ತಾರೆ. ಊಟದಲ್ಲೇನಾದ್ರೂ ಬದಲಾವಣೆ?"

"ಏನೂ ಇಲ್ಲ ಸಾರ್. ಅದೇ ಮುದ್ದೆ, ಅದೇ ಸಾರು."

ರಾಮಲಕ್ಷ್ಮಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಉಪ್ಪು ಕಮ್ಮಿಯಾದರೆ ತಟ್ಟೆ ತಳ್ಳುವ ಗಂಡನಿಗೆ ಗೊತ್ತಾಗದ ಹಾಗೆ, ಎರಡು ವರ್ಷದಿಂದ ಚಿಟಿಕೆ ಚಿಟಿಕೆಯಾಗಿ ಉಪ್ಪು ಇಳಿಸುತ್ತ ಬಂದವಳು ಅವಳು. ಹೆಸರು ಮಾತ್ರ ಮರಕ್ಕೆ! ಮನೆ ಸೇರುವವರೆಗೂ ಅವನ ಅಂಗಿಯಲ್ಲಿದ್ದ ನೀಲಗಿರಿ ವಾಸನೆ, ಸವತಿ ಮುಡಿದ ಹೂವಿನ ವಾಸನೆಯಂತೆ ಅವಳ ಮೂಗಿಗೆ ಹೊಡೆಯುತ್ತಲೇ ಇತ್ತು.

ಮಧ್ಯಾಹ್ನ ಅವನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟವನೇ ಮುಖ ಕಿವುಚಿದ. "ಥೂ! ಉಪ್ಪಿನ ಡಬ್ಬಿನೇ ಸುರಿದ್ಬಿಟ್ಟಿದ್ದೀಯಾ?"

ಅವಳು ಆ ಬಟ್ಟಲನ್ನು ಎತ್ತಿಟ್ಟು, ಬೇರೆ ತೆಗೆದಿಟ್ಟಿದ್ದ ಸಾರಿನ ಬಟ್ಟಲನ್ನು ಅವನ ಮುಂದೆ ಸರಿಸಿದಳು.

"ಅದು ಎರಡು ವರ್ಷದ ಹಿಂದೆ ನೀವು ಚಪ್ಪರಿಸ್ಕೊಂಡು ಉಣ್ತಿದ್ದ ಅಳತೆ. ತಗೊಳ್ಳಿ, ಇದು ನಿಮ್ಮ ನೀಲಗಿರಿ ಮರ ಮಾಡಿದ ಸಾರು."