ಗದ್ದದ ಚುಕ್ಕಿ

ನಾನು, ಅಕ್ಕ ಅವಳಿ. ಗುರುತು ಸಿಗದೆ ಒಬ್ಬಳಿಗೇ ಎರಡು ಸಲ ಹಾಲು ಕುಡಿಸಿ ಇನ್ನೊಬ್ಬಳನ್ನು ಉಪವಾಸ ಕೆಡವಿದ ದಿನ, ಅವ್ವ ಹಚ್ಚೆ ಹಾಕುವವಳನ್ನು ಕರೆಸಿ ಅಕ್ಕನ ಗದ್ದಕ್ಕೆ ಒಂದು ಚುಕ್ಕಿ ಹಾಕಿಸಿದಳಂತೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ಅವ್ವನಿಗೆ ಈಗ ಮರೆವು.

"ದೊಡ್ಡೋಳು ಬರಲಿಲ್ವೇನೇ?" ಅಂತ ದಿನಾ ಕೇಳುತ್ತಾಳೆ. ನಿಜ ಹೇಳಿದರೆ ಆಗಷ್ಟೇ ಸುದ್ದಿ ಕೇಳಿದವಳ ಹಾಗೆ ಎದೆ ಬಡಿದುಕೊಂಡು ಅಳುತ್ತಾಳೆ. ಮಾರನೇ ದಿನ ಮತ್ತೆ ಅದೇ ಪ್ರಶ್ನೆ.

ಕೊನೆಗೆ ನೋಡಲಾರದೆ ಟ್ಯಾಟೂ ಅಂಗಡಿಗೆ ಹೋದೆ.

"ಬರೀ ಒಂದು ಚುಕ್ಕೀನಾ ಆಂಟಿ? ಆಮೇಲೆ ಬೇಡ ಅಂದ್ರೆ ಅಳಿಸೋದು ಕಷ್ಟ," ಅಂದಳು ಸೂಜಿ ಹಿಡಿದಿದ್ದ ಹುಡುಗಿ.

"ಗೊತ್ತಮ್ಮ, ಹಾಕು."

ಆಮೇಲೆ ಅವಳು ಹಿಡಿದ ಕನ್ನಡಿಯಲ್ಲಿ ಅಕ್ಕ ಇದ್ದಳು. ಸತ್ತವಳ ಮುಖ ಕದ್ದ ಹಾಗಾಗಿ, ತಲೆ ತಗ್ಗಿಸಿಕೊಂಡೇ ಮನೆಗೆ ಬಂದೆ.

ಅವ್ವ ನನ್ನ ಗದ್ದ ಹಿಡಿದೆತ್ತಿ ಚುಕ್ಕಿಯ ಮೇಲೆ ಬೆರಳಾಡಿಸಿದಳು. ಉರಿದರೂ ಮುಖ ಹಿಂದಕ್ಕೆಳೆದುಕೊಳ್ಳಲಿಲ್ಲ.

"ಬಂದ್ಯಾ ದೊಡ್ಡೋಳೇ!"

"ಬಂದೆ ಅವ್ವಾ."

ಅವ್ವ ಕಣ್ಣೊರೆಸಿಕೊಂಡು ನಕ್ಕಳು. ಬಾಗಿಲ ಕಡೆ ಒಮ್ಮೆ ನೋಡಿ, ಯಾರಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದಳು.

"ನನ್ನ ಹೇಲು ಉಚ್ಚೆ ಎಲ್ಲಾ ಬಳಿಯೋಳು ಚಿಕ್ಕೋಳು ಕಣೇ. ಅವಳ ಮುಂದೇನೇ ಬರೀ ನಿನ್ನ ಕೇಳಿ ಕೇಳಿ, ಆ ಮಗೀನ ಮನಸ್ಸು ನೋಯಿಸಿಬಿಟ್ಟೆ. ಎಲ್ಲಿ ಹೋದ್ಲು ನೋಡು, ಬೆಳಿಗ್ಗೆಯಿಂದ ಕಾಣ್ತಿಲ್ಲ. ಕರಿ ಅವಳನ್ನ."